ಹಾಲಗಂಬಕ್ಕೊಂದು ಅಂಗಳ

"ಹಾಲಗಂಬ ಎಲ್ಲಿ ನೆಡ್ತೀರಿ?"

ಬೀಗರ ಕಡೆಯ ಹಿರಿಯರೊಬ್ಬರು ಮಿರ್ಚಿಯ ತುದಿ ಕಚ್ಚುತ್ತಾ ಹೀಗೆ ಕೇಳಿದಾಗ ನನ್ನ ಕೈಯಲ್ಲಿದ್ದ ಮಂಡಕ್ಕಿ ತಟ್ಟೆ ಅಲ್ಲೇ ನಿಂತಿತು. ಮಗಳು ಚೈತ್ರಾಳ ಮದುವೆ ಮಾತುಕತೆ ಅವತ್ತು. ಹುಡುಗ ಹರಪನಹಳ್ಳಿಯವನು. ಬಟ್ಟೆ, ಊಟ, ಮಂಟಪ ಎಲ್ಲಾ ಸುಸೂತ್ರ ಮುಗಿದು ಇನ್ನೇನು ಚಹಾ ತರಬೇಕು ಅನ್ನುವಾಗ ಈ ಪ್ರಶ್ನೆ.

(ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ಕಡೆ ಮದುವೆಗೆ ಮುಂಚೆ ಮನೆಯ ಅಂಗಳದಲ್ಲಿ ಒಂದು ಹಸಿ ಕಂಬ ನೆಟ್ಟು, ಹಾಲು ತುಪ್ಪ ಎರೆದು ಪೂಜೆ ಮಾಡುತ್ತೇವೆ. ಆಮೇಲೇ ಹಂದರ, ಅರಿಷಿಣ. ಮದುವೆ ಯಾವ ಮಂಟಪದಲ್ಲಾದರೂ ಆಗಲಿ, ಕಂಬ ಮಾತ್ರ ಮನೆ ಮುಂದೆಯೇ.)

"ಇಲ್ಲೇ ನೆಡ್ತೀವಿ, ಮನಿ ಮುಂದ" ಅಂದೆ.

"ಇದು ಬಾಡಿಗಿ ಮನಿ ಅಲ್ಲೇನ್ರಿ?"

ಹೌದ್ರೀ ಯಪ್ಪಾ, ಬಾಡಿಗಿ ಮನಿ! ಜನ ಇದನ್ನು ಕೇಳುವ ದನಿ ಗಮನಿಸಿದ್ದೀರಾ? "ಡಾಕ್ಟರಿಗೆ ತೋರಿಸಿಲ್ಲೇನು?" ಅಂತ ಕೇಳ್ತಾರಲ್ಲ, ಅದೇ ದನಿ. ಎರಡು ದಿನಕ್ಕೆ ಬಾಡಿಗೆಗೆ ಹಿಡಿದ ಮಂಟಪದಲ್ಲಿ ಮದುವೆ ಮಾಡಿಕೊಳ್ಳುವವರಿಗೆ ನಮ್ಮ ಬಾಡಿಗೆ ಮನೆಯ ಮೇಲೆ ಅದೆಷ್ಟು ಕನಿಕರ!

ನಮ್ಮನೆಯವರದು ದನದ ಆಸ್ಪತ್ರೆ ನೌಕರಿ. ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಅಂತ ಸುತ್ತಿ ಕೊಟ್ಟೂರಿಗೆ ಬಂದಾಗ ಚೈತ್ರಾ ಅಂಗನವಾಡಿ ಕೂಸು. ಆಮೇಲೆ ಟ್ರಾನ್ಸ್‌ಫರ್ ಆದರೂ ಬಸ್ಸಿನಲ್ಲಿ ಓಡಾಡಿದರೇ ಹೊರತು ಈ ಮನೆ ಬಿಡಲಿಲ್ಲ. ಒಂದು ಸೈಟಾದರೂ ತಗೋಣ ಅಂದರೆ ಅವರ ಉತ್ತರ ಯಾವಾಗಲೂ ಒಂದೇ. ಹಂಪಸಾಗರದ ಕಡೆ ಇದ್ದ ಅವರ ಅಜ್ಜನ ಮನೆ ಡ್ಯಾಮ್ ಕಟ್ಟಿದಾಗ ನೀರಲ್ಲಿ ಮುಳುಗಿತ್ತು. "ನಮ್ಮಜ್ಜ ಸ್ವಂತ ಮನಿ, ಸ್ವಂತ ಮನಿ ಅಂತ ಕಲ್ಲಿನಾಗ ಕಟ್ಟಿದ. ಈಗ ಅದ್ರಾಗ ಮೀನು ಅದಾವ. ಬಾಡಿಗಿನೂ ಕೊಡಂಗಿಲ್ಲ."

ಇಂಥವರ ಹತ್ತಿರ ಏನು ವಾದ ಮಾಡುವುದು?

ನಾನೂ ಕಡಿಮೆಯೇನಲ್ಲ ಬಿಡಿ. ಮಾಳಿಗೆ ಸೋರಿದರೆ ಮಾಲೀಕರಿಗೆ ಹೇಳು, ಮೋಟರ್ ಸುಟ್ಟರೆ ಮಾಲೀಕರಿಗೆ ಹೇಳು, ಇದಕ್ಕಿಂತ ಸುಖ ಬೇಕಾ ಅಂತ ಇದೇ ಅಂಕಣದಲ್ಲಿ ಒಮ್ಮೆ ಬರೆದಿದ್ದೆ. (ಮರೆತಿದ್ದರೆ ಉಪಕಾರ.) ಒಂದು ಕಂಬ ನೆಡೋಕೂ ಮಾಲೀಕರಿಗೆ ಹೇಳಬೇಕು ಅನ್ನೋದು ಆಗ ಹೊಳೆದಿರಲಿಲ್ಲ.

ಬೀಗರು ಹೋದ ಮೇಲೆ ಪಕ್ಕದ ಬಾಗಿಲಿಗೆ ಹೋದೆ. ಮಾಲೀಕರು ಕೊಟ್ರಮ್ಮ, ಗಂಡ ತೀರಿಕೊಂಡ ಮೇಲೆ ಮಗ ಮಲ್ಲೇಶನ ಜೊತೆ ಅಲ್ಲೇ ಇದ್ದಾರೆ. ಒಂದೇ ಕಟ್ಟಡ, ನಡುವೆ ಒಂದು ಗೋಡೆ, ಮುಂದೆ ಒಂದೇ ಅಂಗಳ. ಕೊಟ್ರಮ್ಮ ಕಾಳು ಹಸನು ಮಾಡುತ್ತಾ ಕೂತಿದ್ದರು. ವಿಷಯ ಹೇಳಿದೆ. ಕೈಯಲ್ಲಿದ್ದ ಮೊರ ಕೆಳಗಿಟ್ಟರು.

"ಅದು ಆಗಂಗಿಲ್ಲ ನೋಡವಾ."

"ಯಾಕ್ರೀ ಅಮ್ಮಾರ?"

"ನಮ್ಮ ಮಲ್ಲೇಶಂದೂ ಈ ವರ್ಷನ ಐತಲ್ಲ. ಒಂದ ಅಂಗಳದಾಗ ವರ್ಷದೊಳಗ ಎರಡು ಹಾಲಗಂಬ ನೆಡಬಾರ್ದು. ಒಬ್ರಿಗೆ ಕೇಡು ಅಂತಾರ."

"ನಮ್ಮ ಬಾಗಲಾ ಬ್ಯಾರೆ, ನಿಮ್ಮ ಬಾಗಲಾ ಬ್ಯಾರೆ ಅಲ್ಲೇನ್ರಿ?"

"ಹೊಸ್ತಿಲಾ ಎರಡೂ ನಮ್ಮವ ಅಲ್ಲೇನವಾ?"

ನನಗೆ ಮೈಯೆಲ್ಲಾ ಉರಿಯಿತು. ಪ್ರತಿ ಶುಕ್ರವಾರ ಆ ಹೊಸ್ತಿಲು ತೊಳೆದು ಅರಿಷಿಣ ಹಚ್ಚಿದ್ದು ಯಾರು? ರಂಗೋಲಿ ಹಾಕಿ ಹಾಕಿ ಬೆನ್ನು ಬಗ್ಗಿದ್ದು ಯಾರದು? ಆದರೂ ಅದು ಅವರದೇ. ಕಾಗದ ಹಾಗೆ ಹೇಳುತ್ತೆ. ಎದ್ದು ಬಂದೆ.

ಈಗ ನಮ್ಮಣ್ಣ ವೀರೇಶನ ಪ್ರವೇಶ. ಕೂಡ್ಲಿಗಿಯಲ್ಲಿ ಅವನದು ಎರಡಂತಸ್ತಿನ ಸ್ವಂತ ಮನೆ. ಇಂಥದೊಂದು ದಿನಕ್ಕೇ ಕಾದು ಕೂತಿದ್ದನೇನೋ, ಫೋನಿನಲ್ಲೇ ಶುರು ಮಾಡಿದ. "ನಾ ಬಡ್ಕಂಡೆ ನಿನಗ, ಒಂದು ಮನಿ ಮಾಡ್ಕ ಅಂತ. ಕೇಳಿದೇನು? ಇರ್ಲಿ, ನಮ್ಮ ಮನಿ ಮುಂದ ನೆಡೋಣ ಬಾ. ಸ್ವಂತ ಜಾಗ, ಯಾರಪ್ಪಂದೇನೈತಿ?"

ಮಗಳನ್ನು ಕರೆದುಕೊಂಡು ಕೂಡ್ಲಿಗಿಗೆ ಹೋದೆ. ಅಣ್ಣ ಗೇಟಿನಲ್ಲೇ ನಿಂತಿದ್ದ. ನೋಡಿದರೆ ಕಂಬ ನೆಡೋಕೆ ಒಂದು ಹಿಡಿ ಮಣ್ಣಿಲ್ಲ! ಗೇಟಿನಿಂದ ಅಡುಗೆಮನೆವರೆಗೆ ಟೈಲ್ಸ್, ಗೇಟಿನಾಚೆ ಚರಂಡಿ, ಚರಂಡಿಯಾಚೆ ಸಿಸಿ ರೋಡ್. ಧೂಳು ಬರುತ್ತೆ ಅಂತ ಅಂಗುಲ ಬಿಡದೆ ಮುಚ್ಚಿಸಿದ್ದಾನೆ ಪುಣ್ಯಾತ್ಮ.

"ಎಲ್ಲಿ ನೆಡೋದೋ?" ಅಂದೆ.

"ಅದಕ್ಕೇನು? ದೊಡ್ಡ ಪೇಂಟ್ ಡಬ್ಬಿ ಐತಿ. ಉಸುಕು ತುಂಬಿ ನಿಲ್ಸೋದು. ಈಗ ಎಲ್ಲಾರೂ ಹಂಗ ಮಾಡ್ತಾರ."

ಸ್ವಂತ ಮನೆ ಇದ್ದವನ ಹತ್ತಿರ ಡಬ್ಬಿ ಇದೆ. ಅಂಗಳ ಇದ್ದವರ ಹತ್ತಿರ ನಮಗೆ ಪರ್ಮಿಷನ್ ಇಲ್ಲ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಚೈತ್ರಾ ಮಾತ್ರ ಮುಖ ಗಂಟಿಕ್ಕಿ ನಿಂತಿದ್ದಳು. ವಾಪಸ್ ಬರುವಾಗ ಬಸ್ಸಿನಲ್ಲಿ ಒಂದೇ ಮಾತು ಅಂದಳು. "ಅಮ್ಮಾ, ನಾ ಮಾಮನ ಮನಿಯಿಂದ ಹೋಗಂಗಿಲ್ಲ. ನಮ್ಮ ಮನಿಯಿಂದ ಹೋಗಾಕಿ."

ನಮ್ಮ ಮನಿ ಅಂತೆ! ಅವಳಿಗೆ ಯಾರು ಹೇಳಬೇಕು?

ಕೊಟ್ಟೂರಿನಲ್ಲಿ ಇಳಿದವಳೇ ಅವಳು ನೇರ ಕೊಟ್ರಮ್ಮನವರ ಬಾಗಿಲಿಗೆ ಹೋದಳು. ಏನು ಮಾತಾಡಿದಳೋ, ಎಷ್ಟು ಅತ್ತಳೋ, ಇವತ್ತಿಗೂ ಇಬ್ಬರೂ ಬಾಯಿ ಬಿಟ್ಟಿಲ್ಲ. ಮರುದಿನ ಬೆಳಿಗ್ಗೆ ಕೊಟ್ರಮ್ಮ ನಮ್ಮ ಅಡುಗೆಮನೆಗೇ ಬಂದರು.

"ಮಲ್ಲೇಶನ ಮದುವಿ ಮುಂದಿನ ಉಗಾದಿ ದಾಟಿಸಿ ಇಟ್ಕಂತೀವಿ ಅಂತ ಬೀಗ್ರಿಗೆ ಹೇಳೀನಿ. ಹುಡುಗಿದು ಮೊದಲ ಆಗ್ಲಿ. ಕಂಬಕ್ಕ ಮೊದಲನೆ ಹಾಲು ಮಾತ್ರ ನಾ ಎರೀತೀನಿ."

ತನ್ನ ಮಗನ ಮದುವೆಯನ್ನೇ ವರ್ಷ ಮುಂದೂಡಿದ್ದಾರೆ, ಬಾಡಿಗೆದಾರರ ಮಗಳಿಗಾಗಿ! ಬೀಗರ ಹತ್ತಿರ ಎಷ್ಟು ಮಾತು ಕೇಳಿದರೋ ಏನೋ. ನನಗೆ ಅಳುವೇ ಬಂತು.

ಕಂಬ ನೆಟ್ಟೆವು. ಕೊಟ್ರಮ್ಮ ಮೊದಲು ಹಾಲೆರೆದರು, ಆಮೇಲೆ ನಾನು. ಡಬ್ಬಿಯ ಅವಮಾನ ಮರೆಯದ ನಮ್ಮಣ್ಣ ಬಂದು, "ಮಣ್ಣು ಭಾಳ ಗಟ್ಟಿ ಐತಿ ಬಿಡು" ಅಂತ ತಪ್ಪು ಹುಡುಕಿದ. ಮದುವೆ ಚೆನ್ನಾಗಾಯಿತು. ಮಗಳು ಹರಪನಹಳ್ಳಿಗೆ ಹೋದಳು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನ್ಯಾಕೆ ಇಷ್ಟು ಹೊಟ್ಟೆ ಉರಿಸಿಕೊಂಡು ಬರೆಯುತ್ತಿದ್ದೆ?

ಹಂದರ ಬಿಚ್ಚಿದ ವಾರಕ್ಕೆ ಕೊಟ್ರಮ್ಮ ಮತ್ತೆ ಬಂದರು. ಕೂತರು. ಚಹಾ ಕುಡಿದರು. ಸೆರಗಿನ ತುದಿ ಬೆರಳಿಗೆ ಸುತ್ತಿದರು, ಬಿಚ್ಚಿದರು.

"ಸೊಸಿ ಬರ್ತಾಳಲ್ಲವಾ, ನಡುವಿನ ಗ್ವಾಡಿ ಒಡೆದು ಎರಡೂ ಮನಿ ಒಂದ ಮಾಡ್ಬೇಕಂತಾನ ಮಲ್ಲೇಶ. ಕೆಲಸ ಹಿಡಿಸ್ಬೇಕು. ಆಷಾಢದಾಗ ಮನಿ ಬಿಡಬಾರ್ದು. ಅದು ಬರೋದ್ರೊಳಗ ನೀವು ಬ್ಯಾರೆ ಕಡೆ..."

ಕಣ್ಣಲ್ಲಿ ನೀರು ಅವರಿಗೇ. ಬೈಯೋಣ ಅಂದರೆ ಬಾಯಿ ಬರುತ್ತಾ? ಜಗಳ ಆಡೋಣ ಅಂದರೆ ಯಾವ ಮುಖ ಇಟ್ಟುಕೊಂಡು? ಕೆಟ್ಟ ಮಾಲೀಕರು ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು, ನಾಲ್ಕು ಮಾತು ಅಂದು ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು.

ಈಗ ಮನೆ ಹುಡುಕುತ್ತಿದ್ದೇವೆ. ಸ್ವಂತ ಮನೆಗೆ ಸಾಲ ಸಿಗುತ್ತಾ ಅಂತ ಬ್ಯಾಂಕಿಗೂ ಹೋಗಿದ್ದೆವು. ರಿಟೈರ್ಮೆಂಟ್ ಯಾವಾಗ ಅಂತ ಕೇಳಿದರು. ಹೇಳಿದೆವು. ಕುಡಿಯೋಕೆ ನೀರು ಕೊಟ್ಟು ಮರ್ಯಾದೆಯಿಂದ ಕಳಿಸಿದರು. ಹೊರಗೆ ಬಂದ ಮೇಲೆ ನಮ್ಮನೆಯವರು ಮೀನಿನ ಮಾತು ಎತ್ತಲಿಲ್ಲ.

ಬಾಡಿಗೆ ಮನೆ ನೋಡೋಕೆ ಹೋದರೆ ಇನ್ನೊಂದು ಕಥೆ. ಒಬ್ಬ ಮಾಲೀಕರ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ಕೇಳಿದರು. "ಮಗಳ ಮದುವಿ ಆಗೇತೇನ್ರಿ? ಹಂಗಾದ್ರ ಬಾಣಂತನಕ್ಕ ಬರ್ತಾಳೇನು? ನಮ್ಮನಿಯಾಗ ಅದೆಲ್ಲಾ ನಡಿಯಂಗಿಲ್ಲ ನೋಡ್ರಿ."

ಮದುವೆಯಾಗಿ ಇನ್ನೂ ಅರಿಷಿಣ ಆರಿಲ್ಲ, ಬಾಣಂತನಕ್ಕೆ ಆಗಲೇ ಬೀಗ! ಹಾಗಾದರೆ ಮಗಳನ್ನು ಹೆತ್ತವರು ಬಾಡಿಗೆ ಮನೆಯಲ್ಲಿ ಇರಲೇಬಾರದಾ? ಹಾಲು ಬರುತ್ತಾ, ನೀರು ಬಿಡ್ತಾರಾ ಅಂತ ಕೇಳೋಕೆ ಹೋದವಳು ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ.

ಮೊನ್ನೆ ಚೈತ್ರಾಳ ಫೋನ್ ಬಂತು. ಮದುವೆಯಾದ ಮೊದಲ ಆಷಾಢ, ಮಗಳು ತವರಲ್ಲಿರಬೇಕು. ಅತ್ತೆಯವರು ಕಳಿಸೋಕೆ ಒಪ್ಪಿದ್ದಾರಂತೆ, ಬಟ್ಟೆ ಜೋಡಿಸುತ್ತಿದ್ದಾಳಂತೆ. ಅವಳಿಗೆ ಮನೆ ಬಿಡುವ ವಿಷಯ ಇನ್ನೂ ಹೇಳಿರಲಿಲ್ಲ. ಅವತ್ತು ಹೇಳಿದೆ.

"ಹಂಗಾದ್ರ ನಾ ಎಲ್ಲಿಗೆ ಬರ್ಲಮ್ಮಾ?"

"ಬಸ್ ಹತ್ತು, ಲೊಕೇಷನ್ ಕಳಿಸ್ತೀನಿ" ಅಂದೆ.

ಮಗಳಿಗೆ ತವರುಮನಿಯ ಲೊಕೇಷನ್ ಕಳಿಸುವ ತಾಯಿಯನ್ನು ನೀವು ಎಲ್ಲಾದರೂ ನೋಡೀರೇನ್ರಿ?