ನಾಲ್ಕು ಸಲ ಒತ್ತಿದ ಹೆಬ್ಬೆಟ್ಟು

ಅವನ ಮುಖ ನನಗೆ ಸರಿಯಾಗಿ ನೆನಪಿಲ್ಲ. ಬೆಟಗೇರಿಯ ನಮ್ಮ ಓಣಿಯ ತಿರುವಿನಲ್ಲಿ ದೊಡ್ಡ ಛತ್ರಿ ನೆಟ್ಟುಕೊಂಡು ಸಿಮ್ ಮಾರುತ್ತಿದ್ದ, ನಲವತ್ತರ ಆಸುಪಾಸಿನವನು. ಅವ್ವನ ಸಿಮ್ ಕೆಟ್ಟಿತ್ತು. ಆಧಾರ್ ಕಾರ್ಡು ಹಿಡಿಸಿ ಅವಳನ್ನು ಅಲ್ಲಿಗೆ ಕರೆದೊಯ್ದವಳು ನಾನೇ.

ಅವ್ವ ಮೂವತ್ತು ವರ್ಷದಿಂದ ಸೀರೆ ನೇಯುತ್ತಾಳೆ. ಕಡಿದ ಎಳೆಗಳನ್ನು ಹೊಸೆದು ಹೊಸೆದು ಅವಳ ಬೆರಳಿನ ಗೆರೆಗಳು ಸವೆದುಹೋಗಿವೆ. ರೇಷನ್ ಅಂಗಡಿಯ ಯಂತ್ರವೂ ಅವಳ ಬೆರಳನ್ನು ಒಂದೇ ಸಲಕ್ಕೆ ಒಪ್ಪಿದ್ದಿಲ್ಲ. ಓಣಿಯ ನೇಕಾರರೆಲ್ಲರ ಪಾಡೂ ಇದೇ. ಮತ್ತೆ ಮತ್ತೆ ಒತ್ತುವುದು ನಮಗೆ ರೂಢಿ. ಅವನಿಗೆ ಬೇಕಾಗಿದ್ದೂ ಅದೇ.

"ಬರವಲ್ದ್ರಿ ಯಕ್ಕಾ, ಇನ್ನೊಮ್ಮೆ ಒತ್ರಿ," ಎಂದು ಬೆರಳಚ್ಚಿನ ಯಂತ್ರ ಮುಂದೆ ತಂದ.

"ಬಟ್ಟಿನ ಗೆರಿ ಎಲ್ಲಾ ಸೀರಿ ತಿಂದಾವ್ರಿ," ಎಂದು ಅವ್ವ ಬೆರಳು ತೋರಿಸಿದಳು, ತಪ್ಪು ಮಾಡಿದವಳ ಹಾಗೆ.

"ಉಟ್ಟಾಕಿಗೆ ಚಂದ, ನೇಯ್ದಾಕಿಗೆ ಸಪಾಟ ಬಟ್ಟ!" ಎಂದು ನಕ್ಕ. ಅವ್ವನೂ ನಕ್ಕಳು. ಒದ್ದೆ ಕರವಸ್ತ್ರದಿಂದ ಅವಳ ಹೆಬ್ಬೆಟ್ಟನ್ನು ಎಷ್ಟು ಅಕ್ಕರೆಯಿಂದ ಒರೆಸಿದ, ಆ ನೀಚ!

ಮೂರನೆಯ ಸಲ. ನಾಲ್ಕನೆಯ ಸಲ. ನನಗೆ ಗದುಗಿನಲ್ಲಿ ಕೆಲಸಕ್ಕೆ ಹೊತ್ತಾಗುತ್ತಿತ್ತು. "ಯವ್ವಾ, ಗಟ್ಟಿ ಒತ್ತಬೇ," ಎಂದು ಅವಳ ಹೆಬ್ಬೆಟ್ಟಿನ ಮೇಲೆ ನನ್ನ ಬೆರಳಿಟ್ಟು ಅದುಮಿದೆ. ಪರದೆಯನ್ನು ಅವನು ತನ್ನ ಕಡೆ ತಿರುಗಿಸಿಕೊಂಡಿದ್ದ. ಪದವಿ ಪಡೆದ ನಾನು ಅದನ್ನು ಇತ್ತ ತಿರುಗಿಸು ಎನ್ನಲಿಲ್ಲ. ಪ್ರತಿ ಸಲವೂ ಯಂತ್ರ ಅವ್ವನ ಬೆರಳನ್ನು ಒಪ್ಪಿಕೊಂಡಿತ್ತು. ಒಂದು ಸಿಮ್ ನಮ್ಮ ಕೈಗೆ ಕೊಟ್ಟ, ಮೂರು ತನ್ನ ಕಿಸೆಗೆ ಹಾಕಿಕೊಂಡ.

ಇದು ಗೊತ್ತಾದದ್ದು ಏಳು ತಿಂಗಳ ಮೇಲೆ. ಒಂದು ಬೆಳಿಗ್ಗೆ ಅವ್ವ ಮಗ್ಗದಲ್ಲಿ ಕೂತಿದ್ದಾಗ ಇಬ್ಬರು ಪೊಲೀಸರು ಬಂದರು. ಒಬ್ಬ ನಮ್ಮ ಠಾಣೆಯವನು, ಇನ್ನೊಬ್ಬ ಮಹಾರಾಷ್ಟ್ರದವನು. ಅಲ್ಲಿ ಯಾರೋ ಬ್ಯಾಂಕಿನವರೆಂದು ಹೇಳಿ ಒಬ್ಬ ನಿವೃತ್ತ ಶಿಕ್ಷಕಿಗೆ ಫೋನು ಮಾಡಿ ಅವರ ಉಳಿತಾಯವನ್ನೆಲ್ಲ ಬಳಿದುಕೊಂಡಿದ್ದರು. ಆ ಕರೆ ಮಾಡಿದ ನಂಬರು ಅವ್ವನ ಹೆಸರಿನಲ್ಲಿತ್ತು.

"ಸ್ಟೇಷನ್ನಿಗೆ ಬರಬೇಕಾಗತೈತಿ ನೋಡವಾ," ಎಂದ ನಮ್ಮೂರಿನವನು.

ಅಕ್ಕಪಕ್ಕದ ಮನೆಗಳ ಮಗ್ಗಗಳು ಒಂದೊಂದಾಗಿ ನಿಂತವು. ಓಣಿಯೇ ಕಿವಿಗೊಟ್ಟಿತ್ತು.

ಠಾಣೆಯಲ್ಲಿ ಕೂತು, ಯಾರ ಹೆಸರಿನಲ್ಲಿ ಎಷ್ಟು ಸಿಮ್ ಇವೆಯೆಂದು ತೋರಿಸುವ ಸರಕಾರದ ಜಾಲತಾಣ ತೆರೆದು ನೋಡಿದೆ. ಅವ್ವನ ಆಧಾರಿಗೆ ನಾಲ್ಕು ನಂಬರು. ನಮ್ಮ ಕೈಲಿದ್ದದ್ದು ಒಂದೇ; ಕರೆ ಮಾಡಿದ ನಂಬರು ನಾವು ಛತ್ರಿಯವನ ಹತ್ತಿರ ಹೋದ ದಿನವೇ ಕೊಂಡದ್ದೆಂದು ಪೊಲೀಸರ ಕಾಗದದಲ್ಲಿತ್ತು. ಆಗಲೇ ಮೂರನ್ನೂ ಬಂದ್ ಮಾಡಿಸಲು ಅರ್ಜಿ ಹಾಕಿ, ನಡೆದದ್ದನ್ನೆಲ್ಲ ಬರೆದುಕೊಟ್ಟೆ.

"ಓದಿದಾಕಿ ಅದಿ, ಪರದೆ ನೋಡಲಿಲ್ಲೇನು?" ಎಂದ ಠಾಣೆಯವನು.

"ನಾ ನೋಡಲಿಲ್ಲ ಖರೆ. ನೀವು? ನೀವು ದಿನಾ ಗಸ್ತು ತಿರಗೋ ನಮ್ಮ ಓಣಿ ತಿರುವಿನ್ಯಾಗ ಅಂವ ತಿಂಗಳಗಟ್ಲೆ ಛತ್ರಿ ಹಾಕಿದ್ದ!" ನನ್ನ ದನಿ ನನಗೇ ಗುರುತು ಸಿಗದಷ್ಟು ಏರಿತ್ತು. ಛತ್ರಿ ಈಗ ಅಲ್ಲಿಲ್ಲ. ಮುಂಡರಗಿಗೋ ಲಕ್ಷ್ಮೇಶ್ವರಕ್ಕೋ ಹೋಗಿ ಇನ್ನಾರದೋ ಬೆರಳು ಒರೆಸುತ್ತಿರಬಹುದು.

ಮಧ್ಯಾಹ್ನದ ಹೊತ್ತಿಗೆ ಅವರಿಗೆ ನಂಬಿಕೆ ಬಂತು. ಅವ್ವ ಆರೋಪಿಯಲ್ಲ, ಕರೆದಾಗ ಬಂದು ಹೇಳಿಕೆ ಕೊಟ್ಟರೆ ಸಾಕು, ಇನ್ನು ಮನೆಗೆ ಹೋಗಬಹುದು ಎಂದರು. ನಾನು ಎದ್ದೆ. ಅವ್ವ ಏಳಲಿಲ್ಲ.

"ಆ ಟೀಚರಿಗೆ ನನ್ನ ಹೆಸರ ಹೇಳೀರೇನ್ರಿ?" ಎಂದು ಕೇಳಿದಳು. ಮಹಾರಾಷ್ಟ್ರದವನಿಗೆ ನಮ್ಮ ಠಾಣೆಯವನು ಮರಾಠಿಯಲ್ಲಿ ತಿಳಿಸಿದ. ಅವನು ಹೌದೆಂದು ತಲೆಯಾಡಿಸಿದ.

"ಹಂಗಾರ ಆಕಿ ದಿನಾ ನನಗ ಶಾಪ ಹಾಕಾಕ ಹತ್ಯಾಳ. ನಾ ಅಲ್ಲ ಅಂತನೂ ಹೇಳ್ರಿ. ಈಗ ಫೋನ್ ಹಚ್ರಿ."

"ತನಿಖೆ ಮುಗೀಲಿ ತಾಯಿ, ಆಮ್ಯಾಲ ಹೇಳತೇವಿ. ಈಗ ಮನಿಗೆ ನಡೀರಿ."

"ಹೇಳೂ ತನಕ ನಾ ಏಳಂಗಿಲ್ಲ."

ಬೆಳಿಗ್ಗೆ ಅವಳನ್ನು ಓಣಿಯೆಲ್ಲ ನೋಡುವಂತೆ ಕರೆತಂದವರು ಈಗ ಹೋಗಿರೆಂದು ಬೇಡಿಕೊಳ್ಳುತ್ತಿದ್ದರು. ನಾನು ಅವಳ ಪಕ್ಕದಲ್ಲಿ ಬೆಂಚಿನ ಮೇಲೆ ಕೂತೆ.