ಗಸಗಸೆ ತೊಳೆದ ನೀರು

ಇವತ್ತು ಬೆಳಿಗ್ಗೆ ನನ್ನ ಸೊಸೆ ಪಾಯಸಕ್ಕೆಂದು ಗಸಗಸೆ ತೊಳೆದು, ಆ ನೀರಿನ ಬಟ್ಟಲು ಹಿಡಿದು ಅಂಗಳದ ಹೂಗಿಡಗಳ ಕಡೆ ಹೊರಟಳು. "ಅಯ್ಯೋ, ಬೇಡ ಕಣೇ! ಚರಂಡಿಗೆ ಚೆಲ್ಲು!" ಎಂದು ನಾನು ಕಿರುಚಿದ ರಭಸಕ್ಕೆ, ಪಾಪ, ಅರ್ಧ ನೀರು ಅವಳ ಕಾಲ ಮೇಲೇ ಬಿತ್ತು. ಹಾವು ಬಂತೇನೋ ಎಂದು ನಮ್ಮ ಯಜಮಾನರು ಪೇಪರು ಬಿಸಾಕಿ ಓಡಿಬಂದರು. ಬಟ್ಟಲು ನೋಡಿದರು, ನನ್ನ ಮುಖ ನೋಡಿದರು, ವಾಪಸ್ ಹೋಗಿ ಪೇಪರು ಎತ್ತಿಕೊಂಡು ಕೂತರು. ನಿಮಗೆ ನಗು ಬಂದೀತು. ಗಸಗಸೆ ತೊಳೆದ ನೀರಿಗೆ ಹೆದರುವ ಹೆಂಗಸು ಇಡೀ ಬೇಲೂರಿನಲ್ಲಿ ನಾನೊಬ್ಬಳೇ ಇರಬೇಕು.

ತಪ್ಪೆಲ್ಲ ಹಳೇಬೀಡಿನ ನಮ್ಮಜ್ಜಿಯದು ಎಂದುಬಿಡಬಹುದು. ತೀರಿಕೊಂಡವರು ಎದ್ದು ಬಂದು ಜಗಳವಾಡುವುದಿಲ್ಲ. ಅಜ್ಜಿ ಹೂವಿನ ಬೀಜ ಬಿತ್ತಿದ್ದನ್ನು ನಾನು ಕಂಡಿಲ್ಲ. ಹೋದ ವರ್ಷ ಉದುರಿದ್ದು, ಹಕ್ಕಿ ತಂದು ಹಾಕಿದ್ದು, ದೇವರ ಮೇಲಿಂದ ತೆಗೆದೆಸೆದ ಚೆಂಡುಹೂವಿನಿಂದ ಮೊಳೆತದ್ದು, ಎಲ್ಲಕ್ಕೂ ಅವಳ ಅಂಗಳದಲ್ಲಿ ಜಾಗವಿತ್ತು. ನಾನು ಕಳೆಯೆಂದು ಕೈ ಹಾಕಿದರೆ, "ಬಿಡವ್ವ, ತಾನಾಗೇ ಬಂದೈತೆ. ಹೂವ ಬಿಡೋಗಂಟ ಅದು ಯಾರು ಅಂತ ಗೊತ್ತಾಗಕಿಲ್ಲ" ಅನ್ನುತ್ತಿದ್ದಳು. ಮನೆಗೆ ಬಂದವರ ಹೆಸರು ಕೇಳುವ ಮೊದಲೇ ನೀರು ಬೆಲ್ಲ ಕೊಡುತ್ತಿದ್ದ ಹೆಂಗಸು. ಗಿಡಕ್ಕೂ ಅದೇ ನ್ಯಾಯ.

ತೊಂಬತ್ತರ ದಶಕದಲ್ಲಿ ಮದುವೆಯಾಗಿ ಅರಸೀಕೆರೆಗೆ ಬಂದೆ. ಎರಡು ಪೆಟ್ಟಿಗೆ ಬಟ್ಟೆಯ ಜೊತೆ ತವರಿಂದ ಈ ಬುದ್ಧಿಯನ್ನೂ ತಂದೆ. ಇವರು ಗಂಡಸಿ ಅನ್ನುವ ಊರಿನ ಕಡೆಯ ಶಾಲೆಯಲ್ಲಿ ಮೇಷ್ಟ್ರು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಖಾಯಂ ಆಗುವವರೆಗೆ ಜೋರಾಗಿ ಸೀನಲೂ ಹೆದರುತ್ತಿದ್ದ ಮನುಷ್ಯ! ಬಾಡಿಗೆ ಮನೆಯ ಮುಂದೆ ಒಂದು ಮೊಳ ಅಗಲದ ನೆಲವಿತ್ತು. ಸುತ್ತ ತೆಂಗಿನಕಾಯಿ ಮಟ್ಟೆ ಹೂತು ಅದನ್ನೇ ಹೂದೋಟ ಮಾಡಿಕೊಂಡೆ. ದೀಪಾವಳಿ ಪಾಯಸಕ್ಕೆ ಗಸಗಸೆಯ ಮರಳು ಹೋಗಲೆಂದು ನಾಲ್ಕು ಸಲ ತೊಳೆದು, ಆ ನೀರನ್ನು ಅಲ್ಲಿಗೇ ಚೆಲ್ಲಿದ್ದೆ. ಚೆಲ್ಲಿದ್ದು ಮರೆತೂ ಹೋಗಿತ್ತು.

ಕೆಲವು ದಿನಕ್ಕೆ ಅಲ್ಲಿ ಬೂದು ಹಸಿರಿನ ಸಸಿಗಳು ಗುಂಪಾಗಿ ಎದ್ದವು. ಯಾರೋ ಏನೋ, ಬಂದಿದ್ದಾರೆ, ಇರಲಿ ಎಂದು ನೀರು ಹಾಕಿದೆ. ಎಳೆಯವಿದ್ದಾಗಲೇ ಎರಡನ್ನು ಮಣ್ಣುಸಮೇತ ಎತ್ತಿ, ಒಂದು ಎಣ್ಣೆ ಡಬ್ಬದಲ್ಲಿಟ್ಟು ಎದುರು ಮನೆಯ ಸಾವಿತ್ರಕ್ಕನಿಗೆ ಕೊಟ್ಟೆ. ಅರಸೀಕೆರೆಯಲ್ಲಿ ನನಗೆ ಅಂತ ಇದ್ದವಳು ಅವಳೊಬ್ಬಳೇ. ಜ್ವರ ಬಂದರೆ ಗಂಜಿ ತರುತ್ತಿದ್ದಳು, ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ಉಪ್ಪಿಟ್ಟು ಮುದ್ದೆಯಾದರೆ ಬೈಯುತ್ತಿದ್ದಳು. ಡಬ್ಬವನ್ನು ಬರಿದಾಗಿ ವಾಪಸ್ ಕೊಡಬಾರದೆಂದು ಒಂದು ಹಿಡಿ ಕರ್ಣಕುಂಡಲ ಹೂವಿನ ಬೀಜ ಹಾಕಿ ಕಳಿಸಿದಳು. ಅವಳ ಗಂಡ ಪೊಲೀಸ್ ದಫೇದಾರರು. ಈ ಮಾತು ನೆನಪಿಟ್ಟುಕೊಳ್ಳಿ.

ಸಂಕ್ರಾಂತಿಯ ಹೊತ್ತಿಗೆ ಹೂವು ಬಿಟ್ಟಿತು. ಎಂಥ ಹೂವು ಅಂತೀರಿ! ಬಿಳಿ ಎಸಳು, ಬುಡದಲ್ಲಿ ನೇರಳೆ, ಮುಟ್ಟಿದರೆ ಉದುರುವಷ್ಟು ನಾಜೂಕು. ಮೊದಲ ಹೂವನ್ನು ಗಣೇಶನ ಫೋಟೋಗೆ ಇಟ್ಟೆ. ಎಳ್ಳು ಬೆಲ್ಲಕ್ಕೆಂದು ಬಂದ ಇವರ ಶಾಲೆಯ ವಿಜ್ಞಾನದ ಮೇಷ್ಟ್ರು ಬಾಗಿಲಲ್ಲೇ ನಿಂತುಬಿಟ್ಟರು.

"ಏನ್ರೀ ಇದು, ಅಫೀಮಿನ ಗಿಡ ಬೆಳ್ಸಿದೀರಲ್ರೀ! ಗಸಗಸೆ ಬಿದ್ದು ಮೊಳೆತ್ರೆ ಬರೋದು ಇದೇ ಗಿಡ!"

"ತಾನಾಗೇ ಬಂತು ಸಾರ್," ಎಂದೆ.

"ತಾನಾಗೇ ಬಂತು ಅಂದ್ರೆ ಕೋರ್ಟಲ್ಲಿ ಯಾರಮ್ಮ ಕೇಳ್ತಾರೆ? ಇದನ್ನ ಬೆಳೆದ್ರೆ ಜೈಲು ಕಣಮ್ಮ. ನೌಕರಿ ಅಂತೂ ಹೋಯ್ತು ಅಂತ್ಲೇ ಲೆಕ್ಕ."

ಅವರು ಹೋದ ಮೇಲೆ ಇವರು ಗೋಡೆ ಹಿಡಿದು ಕೂತರು. ಗಾಬರಿಯಲ್ಲಿ ನಾನು ಆ ಗಿಡಗಳ ಜೊತೆ ಪಕ್ಕದ ಸೇವಂತಿಗೆಯನ್ನೂ ಕಿತ್ತೆ. ತಿಪ್ಪೆಗೆ ಹಾಕಿದರೆ ದನ ತಿಂದೀತು, ಬೀದಿಗೆ ಎಸೆದರೆ ಯಾರಾದರೂ ನೋಡಿಯಾರು. ಕೊನೆಗೆ ಎಲ್ಲವನ್ನೂ ಬಚ್ಚಲ ಒಲೆಗೆ ತುರುಕಿದೆ. ಹಸಿಗಿಡ ಉರಿಯುತ್ತದೆಯೇ? ಮನೆ ತುಂಬ ಹೊಗೆ. "ಕಿಟಕಿ ತೆಗೀರಿ" ಅಂತ ನಾನು, "ಮುಚ್ಚೇ, ಬೀದಿಗೆಲ್ಲ ವಾಸನೆ ಹೋಗುತ್ತೆ" ಅಂತ ಇವರು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಸುರಿಯುತ್ತಿರುವಾಗ ಇವರು ಕೇಳಿದರು, "ಎದುರು ಮನೆಗೆ ಕೊಟ್ಟಿದ್ಯಲ್ಲ?"

ನಾನು ಕಿಟಕಿ ಸಂದಿಯಿಂದ ಇಣುಕಿದೆ. ದಫೇದಾರರ ಮನೆಯ ಅಂಗಳದಲ್ಲಿ, ಗೇಟಿನ ಪಕ್ಕದಲ್ಲೇ, ಎರಡು ಗಿಡ ಮೊಗ್ಗು ತೂಗಿಸಿಕೊಂಡು ನಿಂತಿದ್ದವು.

ಸಾವಿತ್ರಕ್ಕನಿಗೆ ನಿಜ ಹೇಳಿಬಿಡುತ್ತೇನೆ ಎಂದೆ. "ಹೇಳಿದ್ರೆ ಅವರು ಗಂಡನಿಗೆ ಹೇಳ್ದೆ ಇರ್ತಾರಾ? ಅವರು ಪೊಲೀಸಿನೋರು ಕಣೇ. ಯಾರು ಕೊಟ್ರು ಅಂತ್ಲೇ ಮೊದಲು ಕೇಳೋದು," ಎಂದರು ಇವರು. ಅದೂ ನಿಜ ಅನ್ನಿಸಿತು. ಹೇಳದೆ ಬಿಟ್ಟರೋ, ಯಾರಾದರೂ ನೋಡಿ ಆ ಮನೆಯವರ ನೌಕರಿಗೇ ಕುತ್ತು. ಆ ನಾಲ್ಕು ದಿನ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ದಫೇದಾರರ ಸೈಕಲ್ ಬೆಲ್ಲು ಕೇಳಿದರೆ ಬಾಗಿಲ ಚಿಲಕ ಹಾಕಿಕೊಳ್ಳುತ್ತಿದ್ದೆ. ಇವರ ಬಸ್ಸು ಹತ್ತು ನಿಮಿಷ ತಡವಾದರೆ ಹಿಡಿದುಕೊಂಡು ಹೋದರೆಂದೇ ಅಳಲು ಕೂರುತ್ತಿದ್ದೆ. ಸಾವಿತ್ರಕ್ಕ ಮಾತ್ರ ಗೇಟಿನಿಂದಲೇ ಕೂಗಿ ಹೇಳುತ್ತಿದ್ದಳು, "ನೋಡೇ, ನಾಳೆ ಅರಳ್ತವೆ! ಮೊದಲ್ನೇ ಹೂವು ನಿಂಗೇ ಕೊಡ್ತೀನಿ!"

ಐದನೆಯ ದಿನ ಅವಳು ಚೀಲ ಹಿಡಿದು ಸಂತೆಗೆ ಹೊರಟದ್ದು ಕಂಡಿತು. ಮಟಮಟ ಮಧ್ಯಾಹ್ನ, ಬೀದಿಯಲ್ಲಿ ನರಪಿಳ್ಳೆಯಿಲ್ಲ. ಓಡಿಹೋಗಿ ಎರಡೂ ಗಿಡವನ್ನು ಬೇರುಸಮೇತ ಕಿತ್ತು ಸೆರಗಿನಲ್ಲಿ ಸುತ್ತಿಕೊಂಡೆ. ತಿರುಗಿದರೆ ಗೇಟಿನಲ್ಲಿ ಸಾವಿತ್ರಕ್ಕ. ಪರ್ಸು ಮರೆತು ವಾಪಸ್ ಬಂದಿದ್ದಳು.

"ಏನೇ ಅದು, ಸೆರಗಲ್ಲಿ?"

"ಹುಳ... ಹುಳ ಬಿದ್ದಿತ್ತು ಅಕ್ಕ, ಗಿಡಕ್ಕೆ."

ಸೆರಗಿನಿಂದ ಹೊರಗಿಣುಕಿದ್ದ ಹೂವನ್ನು ಅವಳು ನೋಡಿದಳು. ಅವತ್ತೇ ಅರಳಿದ್ದು, ಒಂದು ಚುಕ್ಕೆಯೂ ಇಲ್ಲದ್ದು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಪರ್ಸು ತೆಗೆದುಕೊಂಡು ಸಂತೆಗೆ ಹೋದಳು.

ಆಮೇಲೆ ಗಂಜಿಯೂ ಬರಲಿಲ್ಲ, ಬೈಗುಳವೂ ಬರಲಿಲ್ಲ. ಬೇಸಿಗೆ ರಜದಲ್ಲಿ ದಫೇದಾರರಿಗೆ ವರ್ಗವಾಯಿತು. ಲಾರಿಗೆ ಸಾಮಾನು ಏರಿಸಿದ ಮೇಲೆ, ಅವಳಾಗಿಯೇ ಬಂದು ನನ್ನ ಹಣೆಗೆ ಕುಂಕುಮ ಇಟ್ಟಳು. "ನಮ್ಮನೇಲಿ ಚೆನ್ನಾಗಿ ಬಂತು ಅಂತ ಹೊಟ್ಟೆಕಿಚ್ಚೇನೇ ನಿಂಗೆ? ಬೇಕು ಅಂದಿದ್ರೆ ನಾನೇ ಕಿತ್ತು ಕೊಡ್ತಿದ್ನಲ್ಲೇ," ಎಂದಳು. ಪಕ್ಕದಲ್ಲೇ ದಫೇದಾರರು ಖಾಕಿಯಲ್ಲಿ ನಿಂತಿದ್ದರು. ನಾನು ಹೂಂ ಎಂದೆ. ಹೌದು, ಹೊಟ್ಟೆಕಿಚ್ಚು ಎಂದು ಒಪ್ಪಿಕೊಂಡೆ. ಅಷ್ಟು ಹೆದರಿದ್ದೆ.

ಆ ಮಳೆಗಾಲ ಅವಳು ಕೊಟ್ಟ ಕರ್ಣಕುಂಡಲ ಹೂಬಿಟ್ಟಿತು. ಅದರ ಕಾಯಿ ಗೊತ್ತಲ್ಲ, ಬೆರಳು ತಾಗಿದರೆ ಸಿಡಿದು ಬೀಜ ಚೆಲ್ಲುತ್ತದೆ. ಆಮೇಲೆ ನಾನು ಬಿತ್ತಿದ್ದೇ ಇಲ್ಲ. ನಾಲ್ಕು ಮನೆ ಬದಲಿಸಿದೆವು. ಕುಂಡದ ಮಣ್ಣಿನಲ್ಲಿ ಅದೂ ಜೊತೆಗೇ ಬಂತು. ಪ್ರತಿ ಮಳೆಗೂ ಎಲ್ಲಿಂದಲೋ ಏಳುತ್ತದೆ. ನನಗೆ ಒಳಗೊಳಗೇ ಅಳುಕು, ಆದರೂ ನೀರು ಹಾಕುತ್ತೇನೆ.

ಇಷ್ಟನ್ನೂ ಇವತ್ತು ಮೊದಲ ಸಲ ಸೊಸೆಗೆ ಹೇಳಿದೆ. ಅವಳು ತುಳಸಿಕಟ್ಟೆಯ ಬುಡದ ಸಸಿ ತೋರಿಸಿ, "ಅಂದ್ರೆ ಇದು ಅವರದ್ದಾ ಅತ್ತೆ?" ಎಂದಳು. ಅದರ ಹತ್ತಿರ ಕೂತು, "ಈಗ ಅವರೆಲ್ಲಿದಾರೆ?" ಎಂದಳು.

ಅರೇಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾಳೆಂದು ಯಾರೋ ಹೇಳಿ ವರ್ಷಗಳೇ ಆದವು. ಬೇಲೂರಿನಿಂದ ಒಂದು ಬಸ್ಸು ಅಷ್ಟೆ. ದಫೇದಾರರು ತೀರಿಕೊಂಡಿದ್ದಾರೆ, ಇವರಿಗೂ ಪೆನ್ಷನ್ ಬರುತ್ತಿದೆ, ಇನ್ನು ಯಾವ ಪೊಲೀಸಿನ ಭಯ? ಆದರೂ ಇಷ್ಟು ವರ್ಷ ನಾನು ಆ ಬಸ್ಸು ಹತ್ತಿಲ್ಲ. ಈಗ ನನಗಿರುವುದು ಸಾವಿತ್ರಕ್ಕನ ಮುಖದ ಭಯ. ಅವಳಿಗೀಗ ಎಂಬತ್ತು ಹತ್ತಿರವಾಗಿರಬೇಕು. ನಾನು ಹೋಗುವುದರೊಳಗೆ ಅವಳೇ ಇಲ್ಲವಾದರೆ ಎಂಬ ಭಯ ಅದಕ್ಕಿಂತ ದೊಡ್ಡದು ಎಂದು ಇವತ್ತು ಗೊತ್ತಾಯಿತು.

ಸಸಿಯನ್ನು ಮಣ್ಣುಸಮೇತ ಎತ್ತಿ ಒಂದು ಡಬ್ಬದಲ್ಲಿಟ್ಟೆ. "ರೀ, ಅರೇಹಳ್ಳಿ ಬಸ್ಸು ಎಷ್ಟೊತ್ತಿಗೆ?" ಎಂದೆ.

ಇವರು ಪೇಪರು ಕೆಳಗಿಳಿಸಿದರು. "ಇಷ್ಟು ವರ್ಷ ಆದ್ಮೇಲೆ ಹೋಗಿ ಏನಂತ ಹೇಳ್ತೀಯೇ?"

"ಹುಳ ಬಿದ್ದಿರಲಿಲ್ಲ ಅಂತ."