ಚಕ್ರದ ತುದಿಯಲ್ಲಿ ಭಾಗವ್ವ

ಘಾಟ್ಕೋಪರಿನ ಕಟ್ಟಡ ಕೆಲಸದ ಹೆಂಗಸರಲ್ಲಿ ಭಾಗವ್ವನಷ್ಟು ‘ಒಲ್ಲೆ’ ಅನ್ನುವವರು ಇನ್ನೊಬ್ಬರಿಲ್ಲ. ಚಹಾ ಕೊಟ್ಟರೂ ಮೊದಲು ಒಲ್ಲೆ ಎಂದು, ಆಮೇಲೆ ಎರಡು ಕಪ್ಪು ಕುಡಿಯುತ್ತಾಳೆ. ರಜೆಯ ದಿನ ಗೆಳತಿಯರು ಥೀಮ್ ಪಾರ್ಕಿಗೆ ಹೊರಟಾಗಲೂ “ನಾ ಒಲ್ಲೆವ್ವಾ, ತಲಿ ತಿರಗತೈತಿ” ಎನ್ನುತ್ತಲೇ ಎಲ್ಲರಿಗಿಂತ ಮೊದಲು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಪಾರ್ಕಿನಲ್ಲಿ ಬೆಂಚಿನ ಮೇಲೆ ಕೂತು, ಎಲ್ಲರ ಚೀಲಗಳನ್ನು ತೊಡೆಯ ಮೇಲೆ ಪೇರಿಸಿಕೊಂಡು, ಆಟ ನಡೆಸುವವರನ್ನು ಒಬ್ಬೊಬ್ಬರನ್ನೇ ತಡೆದು, ಇದು ಹೇಗೆ ತಿರುಗುತ್ತದೆ, ನಡುವೆ ಕರೆಂಟು ಹೋದರೆ ಏನು ಗತಿ ಎಂದು ವಿಚಾರಿಸಿದಳು. ಕೊನೆಗೆ ಗೆಳತಿ ಶಿವಕುಮಾರಿ ಅವಳನ್ನು ಚೀಲಗಳ ಸಮೇತ ಎಳೆದೊಯ್ದು ದೊಡ್ಡ ಚಕ್ರದ ತೊಟ್ಟಿಲಲ್ಲಿ ಕೂರಿಸಿದಳು. ತೊಟ್ಟಿಲು ತುದಿಗೇರಿ ನಿಂತಾಗ ಕಣ್ಣು ಮುಚ್ಚಿ ಚೀರಿದವಳು ಶಿವಕುಮಾರಿಯೇ. ಭಾಗವ್ವ ಕತ್ತು ಚಾಚಿ ನಾಲ್ಕೂ ದಿಕ್ಕು ನೋಡುತ್ತಿದ್ದಳು. “ಅಂಜಿಕಿ ಬರವಲ್ತೇನ ನಿನಗ?” ಎಂದು ಶಿವಕುಮಾರಿ ಕೇಳಿದಳು. “ಹದಿನೆಂಟು ವರ್ಷ ಇಂಥಾ ಎತ್ತರ ಎಷ್ಟ ಏರೇನಿ. ತಲಿಮ್ಯಾಲ ಸಿಮೆಂಟಿನ ಬುಟ್ಟಿ ಇರತಿತ್ತು, ಗೋಣ ಹೊಳ್ಳಿಸಾಕ ಆಗ್ತಿದ್ದಿಲ್ಲ. ಈ ಊರಾಗ ಸಮುದ್ರ ಯಾವ ಕಡೀಗೈತಿ?” ಎಂದಳು ಭಾಗವ್ವ. ಶಿವಕುಮಾರಿ ಮೆಲ್ಲಗೆ ಕಣ್ಣು ತೆರೆದು, ಅವಳ ಜೊತೆ ತಾನೂ ಹುಡುಕತೊಡಗಿದಳು.